ವಿಮಾನದ ಮೂಗಿಗೆ ಮುನ್ನೂರ ಹನ್ನೆರಡು ಗಂಟು

ಬೆಳಿಗ್ಗೆ ಆರು ಗಂಟೆ. ನಂಜನಗೂಡಿನ ತಾಂಡ್ಯ ಕೈಗಾರಿಕಾ ಪ್ರದೇಶದ ಚಿಕ್ಕದೊಂದು ಕಾರ್ಖಾನೆಯಲ್ಲಿ ಮುದ್ದಮ್ಮ ರಟ್ಟಿನ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದಾರೆ. ಎದುರಿಗೆ ಗಾಜಿನ ಗೋಡೆ. ಅದರಾಚೆಯ ಮೇಜಿನ ಮೇಲೆ ಬಿಳಿ ತಂತಿಗಳು ಉದ್ದಕ್ಕೆ ಮಲಗಿವೆ. ಹನ್ನೊಂದು ವರ್ಷ ಆ ಮೇಜು ಇವರದಾಗಿತ್ತು. ಈಗ ಆ ಕಡೆ ನೋಡುವುದೂ ಇಲ್ಲ.

ಯುದ್ಧವಿಮಾನ ಎಂದರೆ ನಮಗೆ ನೆನಪಾಗುವುದು ಪೈಲಟ್‌ನ ಕಪ್ಪು ಕನ್ನಡಕ. ಹೆಮ್ಮರಗಾಲದಿಂದ ಬಸ್ಸು ಹಿಡಿದು ಬರುವ ಐವತ್ತೇಳರ ಹೆಂಗಸು ಯಾರಿಗೆ ಬೇಕು? ನೆಲದ ಗುರಿಗಳ ಮೇಲೆ ಬಾಂಬು ಹಾಕಲೆಂದು ಮಾಡಿದ ಹಗುರ ಜೆಟ್ಟೊಂದನ್ನು, ಶತ್ರು ವಿಮಾನವನ್ನು ಆಕಾಶದಲ್ಲೇ ಅಡ್ಡಗಟ್ಟುವ ಫೈಟರ್ ಆಗಿ ಮಾರ್ಪಡಿಸುವ ಕೆಲಸ ನಡೆದಿದೆ. ಅದಕ್ಕೆ ಮೂಗಿನಲ್ಲಿ ರಾಡಾರ್ ಕೂರಿಸಬೇಕು. ಮೂವತ್ತು ತಂತಿ ಇದ್ದಲ್ಲಿ ಈಗ ನೂರ ಹದಿನೆಂಟು. ಅಷ್ಟನ್ನೂ ಮೇಣದ ದಾರದಿಂದ ಕೈಯಲ್ಲೇ ಕಟ್ಟಿ ಒಂದು ಜಡೆ ಮಾಡಬೇಕು. ಒಟ್ಟು ಮುನ್ನೂರ ಹನ್ನೆರಡು ಗಂಟು, ದಿನಕ್ಕೆ ಸುಮಾರು ನಲವತ್ತರ ಹಾಗೆ ಎಂಟು ದಿನದ ಕೆಲಸ.

ಗಂಡ ತೀರಿಕೊಂಡ ಮೇಲೆ ಮುದ್ದಮ್ಮ ದೇವಸ್ಥಾನದ ಬೀದಿಯಲ್ಲಿ ಹೂ ಕಟ್ಟಿ ಮಾರಿ ಮಗಳನ್ನು ಸಾಕಿದವರು. ಗಂಟಿನ ಪಾಠ ಆಗಿದ್ದು ಅಲ್ಲೇ. "ಮಲ್ಗೆ ಬಿಗಿಯಾಗ್ ಕಟ್ಟುದ್ರೆ ಬಾಡ್ತದೆ, ಸಡ್ಲ ಬುಟ್ರೆ ಉದುರ್ತದೆ. ತಂತೀನೂ ಅಂಗೇಯ ಸಾ."

ಹೂ ಕಟ್ಟುವಾಗ ದಾರ ಜಾರದಿರಲೆಂದು ಪಕ್ಕದಲ್ಲಿ ನೀರಿನ ಬಟ್ಟಲು ಇಟ್ಟುಕೊಂಡು ಬೆರಳು ಅದ್ದುವುದು ರೂಢಿ. ದಸರೆ ಮುಗಿದ ವಾರ, ಸಂಜೆ ಮನೆಯಲ್ಲಿ ಹಾಗೆ ಬೆರಳದ್ದಿದಾಗ ಮುದ್ದಮ್ಮನಿಗೆ ತಟ್ಟನೆ ನೆನಪಾಯಿತು. ನಾಲ್ಕು ದಿನದ ಹಿಂದೆ ಕಾರ್ಖಾನೆಯಲ್ಲೂ ಬೆರಳು ಬಟ್ಟಲು ಹುಡುಕಿತ್ತು, ಸಿಗದೆ ನಾಲಿಗೆಗೆ ಹೋಗಿತ್ತು, ಅದೇ ಬೆರಳಲ್ಲಿ ಗಂಟೂ ಬಿದ್ದಿತ್ತು. "ದೇವ್ರ್ ಊವ್ಗೆ ಎಂಜ್ಲು ಮುಟ್ಟಿಸ್ದೋಳಲ್ಲ ನಾನು. ಪ್ಲೇನಿಗ್ ಮುಟ್ಟಿಸ್ಬುಟ್ಟೆ."

ಎಂಜಲಿನ ಉಪ್ಪು ಒಳಗೆ ಕೂತರೆ ತಂತಿ ಕೆಡುತ್ತದೆ. ಜಡೆ ಆಗಲೇ ವಿಮಾನದ ಮೂಗು ಸೇರಿತ್ತು. ಬೆಳಗಾಗುತ್ತಲೇ ಮುದ್ದಮ್ಮ ಸೂಪರ್‌ವೈಸರ್ ಸೋಮಶೇಖರ್ ಅವರ ಮುಂದೆ ನಿಂತು ಹೇಳಿಬಿಟ್ಟರು. ಯಾವ ಗಂಟು ಎಂದು ಕೇಳಿದರೆ ಅವರಿಗೇ ಗೊತ್ತಿರಲಿಲ್ಲ. ಮೂಗು ಬಿಚ್ಚಿ ಮುನ್ನೂರ ಹನ್ನೆರಡನ್ನೂ ಕತ್ತರಿಸಿದರು. ಪರೀಕ್ಷಾ ಹಾರಾಟ ಎರಡು ತಿಂಗಳು ಮುಂದಕ್ಕೆ ಹೋಯಿತು, ಮುದ್ದಮ್ಮ ಪೆಟ್ಟಿಗೆಗಳ ಕಡೆಗೆ.

"ಅಕ್ಕ ಬಾಯ್ ಬುಡ್ದೆ ಇದ್ದಿದ್ರೆ ಯಾರ್ಗೂ ಗೊತ್ತಾಯ್ತಿರ್ಲಿಲ್ಲ" ಎನ್ನುತ್ತಾರೆ ಈಗ ಆ ಮೇಜಿನಲ್ಲಿರುವ ಕೋಮಲ. ಕೆಲಸ ಕಲಿತದ್ದು ಮುದ್ದಮ್ಮನಿಂದಲೇ.

ಮೇಜಿಗೆ ಮರಳಬೇಕಾದರೆ ಹೊರಗಿನ ಇನ್‌ಸ್ಪೆಕ್ಟರ್ ಎದುರು ಮತ್ತೆ ಪರೀಕ್ಷೆ ಕೊಡಬೇಕು. ಅವರು ಬರುವುದು ಜೂನ್‌ನಲ್ಲಿ. ಮುದ್ದಮ್ಮ ನಿವೃತ್ತರಾಗುವುದು ಏಪ್ರಿಲ್‌ನಲ್ಲಿ. "ರೂಲ್ಸು, ನಾನೇನ್ ಮಾಡ್ಲಿ ಸರ್" ಎಂದು ಸೋಮಶೇಖರ್ ಕೈಚೆಲ್ಲುತ್ತಾರೆ. ನನಗಂತೂ ಸಿಟ್ಟೇ ಬಂತು.

ಬೇಜಾರಿಲ್ಲವೇ ಎಂದು ಕೇಳುತ್ತೇನೆ. ಮುದ್ದಮ್ಮ ಇನ್ನೊಂದು ಪೆಟ್ಟಿಗೆ ಎಳೆದುಕೊಳ್ಳುತ್ತಾರೆ.

"ಐತೆ ಸಾ. ಒಂದೇ ಒಂದ್ ಗಂಟ್ ಆಕೋಕೆ ಬುಟ್ಟಿದ್ರೆ ಸಾಕಾಗಿತ್ತು. ಎಂಜ್ಲು ನೆಪ್ಪಾದ್ ರಾತ್ರಿ ಕಣ್ ಮುಚ್ನಿಲ್ಲ. ಪ್ಲೇನೊಳಗ್ ಕೂತ್ಕೊಳೋ ಉಡ್ಗನ ಮಖ ನಾನ್ ನೋಡಿಲ್ಲ, ಆದ್ರೂ ಕಣ್ಮುಂದೇನೇ ಇತ್ತು. ಮೇಜು ಓದ ದಿನ ಚೆನ್ನಾಗ್ ನಿದ್ದೆ ಬಂತು."