ಲೇತ್ ಮೇಲಿನ ಒದ್ದೆ ರೇನ್‌ಕೋಟ್

ಫರೀದಾಬಾದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಇವತ್ತು ಮಷಿನ್ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹಳೆಯ ಮನೆಯ ಹಿಂದಿನ ಕೋಣೆ ನೆನಪಾಯಿತು. ಅಲ್ಲಿ ಅಪ್ಪ ಮರ ಕಡೆಯುವ ಲೇತ್ ಇಟ್ಟಿದ್ದರು. ಕೆಲಸ ಮುಗಿದ ಮೇಲೆ ಹೊಟ್ಟು ಗುಡಿಸಿ, ಕಬ್ಬಿಣಕ್ಕೆ ಎಣ್ಣೆಬಟ್ಟೆ ಸವರದೆ ಊಟಕ್ಕೆ ಬರುತ್ತಿರಲಿಲ್ಲ.

ಒಂದು ಮಳೆಗಾಲ ಅವರು ಊರಿಗೆ ಹೋಗಿದ್ದಾಗ, ನಾನು ನನ್ನ ಒದ್ದೆ ರೇನ್‌ಕೋಟನ್ನು ಲೇತಿನ ಮೇಲೆ ಎಸೆದು ಮರೆತೆ. ಅಪ್ಪ ಮರಳಿದಾಗ ಕಬ್ಬಿಣದ ತುಂಬ ಕೆಂಪು ತುಕ್ಕು.

“ಇದನ್ನ ಇಲ್ಲಿ ಹಾಕಿದ್ದು ಯಾರು?”

“ಅಮ್ಮ,” ಎಂದೆ.

ಅಮ್ಮ ನನ್ನನ್ನೊಮ್ಮೆ ನೋಡಿ, “ಹೌದು, ನಾನೇ. ಗೊತ್ತಾಗಲಿಲ್ಲ,” ಎಂದಳು. ಅಪ್ಪ ಅವಳಿಗೆ ಬಾಯಿಗೆ ಬಂದಂತೆ ಬೈದರು. ನಾನು ತಲೆ ಎತ್ತದೆ ಹೋಂವರ್ಕ್ ಬರೆಯುತ್ತ ಕೂತಿದ್ದೆ.

ಅಮ್ಮ ಈಗಿಲ್ಲ. ಅಂಗಡಿಯಿಂದ ಬಂದವಳೇ ಅಪ್ಪನಿಗೆ ಎಲ್ಲ ಹೇಳಿದೆ. ಅವರು, “ಅವತ್ತು ಅವಳು ಊಟ ಮಾಡಿರಲಿಲ್ಲ,” ಎಂದರು.