ರಂಪಿ ಎಂಬ ಐದನೆಯ ಡಾಲ್ಫಿನ್

ನಮ್ಮ ಮನೆಯವರು ಇಪ್ಪತ್ತೆಂಟು ವರ್ಷ ದ್ವೀಪಕ್ಕೆ ಬಂದವರನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ ಡಾಲ್ಫಿನ್ ತೋರಿಸಿದರು. ಅಷ್ಟೂ ವರ್ಷ ದಡದ ತಗಡಿನ ಗೂಡಿನಲ್ಲಿ ಕೂತು ಟಿಕೆಟ್ ಹರಿದವಳು, ಲೈಫ್ ಜಾಕೆಟ್ಟುಗಳಿಗೆ ಹೊಲಿಗೆ ಹಾಕಿದವಳು, ವಾಂತಿ ಮಾಡಿಕೊಂಡು ಇಳಿದವರ ಬೆನ್ನು ನೀವಿದವಳು ನಾನು. ಹೊಗಳಿಕೆಯೆಲ್ಲ ಅವರಿಗೆ. ಇರಲಿ, ಹೋದವರ ಮೇಲೆ ಈಗ ಜಗಳ ತೆಗೆದು ಏನು ಬಂತು.

ಬೇರೆ ದೋಣಿಯವರು ಡಾಲ್ಫಿನ್ ಕಂಡರೆ ಸಾಕು, ಎಂಜಿನ್ ಗುಡುಗಿಸಿಕೊಂಡು ಅಟ್ಟಿಸಿಕೊಂಡು ಹೋಗುತ್ತಿದ್ದರು. ಇವರದು ಉಲ್ಟಾ. ಎಂಜಿನ್ ನಿಲ್ಲಿಸಿ, ಎಲ್ಲರ ಬಾಯಿ ಮುಚ್ಚಿಸಿ, ಕಿವಿಗೆ ಅಂಗೈ ಒಡ್ಡಿ ಕೂರುತ್ತಿದ್ದರು. ನೀರಿನ ಮೇಲೆ ಪುಸ್ಸೆಂದು ಉಸಿರು ಬಿಟ್ಟ ಸದ್ದು ಕೇಳಿಯೇ ಯಾವ ಬಗೆಯದೆಂದು ಹೇಳುತ್ತಿದ್ದರು. ಹೆಸರುಗಳೆಲ್ಲ ಅವರೇ ಇಟ್ಟವು. ಹಾರಿ ಗಾಳಿಯಲ್ಲಿ ಬುಗುರಿಯ ಹಾಗೆ ತಿರುಗುವುದು ಗಿರಕಿ. ಮೂತಿ ಗಿಡ್ಡಗೆ ದಪ್ಪಗಿರುವುದು ಸೀಸೆಮೂತಿ. ಬೂದು ಮೈಯೆಲ್ಲ ಗೀರುಗಳಿರುವ ಮುದುಕನಂಥದ್ದು ಗೀರಪ್ಪ. ಮೈತುಂಬ ಚುಕ್ಕೆ ಇರುವುದು ಚುಕ್ಕಿ.

ನಮ್ಮ ಮದುವೆಯಾದ ವರ್ಷ ಒಂದು ದಿನ ಒದ್ದೆ ಕಾಲಲ್ಲೇ ಗೂಡಿಗೆ ಓಡಿ ಬಂದರು.

"ಇವತ್ತು ಐದನೇದು ಸಿಕ್ತು ಕಣೇ. ಸಣ್ಣದು, ಮೈ ಮೇಲೆ ಒಂದೇ ಒಂದು ಗುರುತಿಲ್ಲ. ಹಿಂಡು ಕಟ್ಕೊಂಡು ಬಂದು ದೋಣಿ ಸುತ್ತ ಒಂದೇ ಸಮ ಗಲಾಟೆ. ನಿನ್ ಹೆಸರೇ ಇಟ್ಬಿಟ್ಟೆ."

"ನನ್ ಹೆಸರಾ?"

"ರಂಪಿ."

ಮದುವೆಯಾದ ಮೂರನೇ ದಿನದಿಂದಲೇ ನನ್ನನ್ನು ಕರೆಯುತ್ತಿದ್ದ ಹೆಸರು ಅದು. ಮಾತೆತ್ತಿದರೆ ರಂಪ ಮಾಡುತ್ತೇನಂತೆ. ಆ ಹೊತ್ತು ಮುಖ ಊದಿಸಿಕೊಂಡೆ, ಒಳಗೊಳಗೇ ಹಿಗ್ಗಿ ಹೋಗಿದ್ದೆ. ನಮ್ಮಕ್ಕನಿಗೆ ಭಾವ ಬಳೆ ಮಾಡಿಸಿಕೊಟ್ಟಿದ್ದರು, ಬಂದವರಿಗೆಲ್ಲ ಕೈ ಅಲ್ಲಾಡಿಸಿ ತೋರಿಸುತ್ತಿದ್ದಳು. ನಾನು ಕಡಲು ತೋರಿಸುತ್ತಿದ್ದೆ. ಗೂಡಿನ ಮೇಲೆ 'ಐದು ಬಗೆಯ ಡಾಲ್ಫಿನ್' ಎಂಬ ಬೋರ್ಡ್ ಬಂತು. ಉಳಿದ ದೋಣಿಯವರ ಬೋರ್ಡಿನಲ್ಲಿ ನಾಲ್ಕೇ. ಅವರ ಹೊಟ್ಟೆ ಉರಿ ನೋಡಲು ನನಗೆ ಎರಡು ಕಣ್ಣು ಸಾಲುತ್ತಿರಲಿಲ್ಲ.

ಹತ್ತೊಂಬತ್ತನೆಯ ವರ್ಷ ಒಬ್ಬ ಟೀಚರಮ್ಮ ದೋಣಿ ಹತ್ತಿದಳು. ಅವತ್ತು ನಾನೂ ಜೊತೆಗಿದ್ದೆ. ಇವರು ಐದೂ ಬಗೆಯನ್ನು ವರ್ಣಿಸಿ ಮುಗಿಸಿದ ಮೇಲೆ ಅವಳು ಮೆಲ್ಲಗೆ ಕೇಳಿದಳು: "ಚುಕ್ಕಿಗಳ ಮರಿ ಯಾವುದು? ತೋರಿಸಲೇ ಇಲ್ಲವಲ್ಲ."

ಚುಕ್ಕಿಗಳಿಗೆ ಮರಿ ಇಲ್ಲ, ರಂಪಿಗಳಲ್ಲಿ ದೊಡ್ಡವಿಲ್ಲ. ಹತ್ತೊಂಬತ್ತು ವರ್ಷ ನಾವಿಬ್ಬರೂ ಅದನ್ನು ಯೋಚಿಸಿರಲೇ ಇಲ್ಲ. "ಹುಟ್ಟುವಾಗ ಚುಕ್ಕೆ ಇರೋದಿಲ್ಲ, ಬೆಳೀತಾ ಬರುತ್ತೆ ಅಂತ ಓದಿದ್ದೆ," ಎಂದಳು ಆಕೆ. ಪಾಪ, ಅವಳ ದನಿಯಲ್ಲಿ ಜಂಬವಿರಲಿಲ್ಲ. ಇದ್ದಿದ್ದರೆ ಬಾಯಿಗೆ ಬಂದ ಹಾಗೆ ಬೈದಾದರೂ ಹಗುರಾಗುತ್ತಿದ್ದೆ.

ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಬೋರ್ಡ್ ಅಳಿಸ್ತೀನಿ," ಎಂದರು.

"ಹತ್ತೊಂಬತ್ತು ವರ್ಷ ಹೇಳಿದೀರ. ಇನ್ನೊಂದಷ್ಟು ವರ್ಷ ಹೇಳಿದ್ರೆ ಕಡಲೇನು ಬತ್ತಿ ಹೋಗುತ್ತಾ?"

"ಆಗ ಗೊತ್ತಿರ್ಲಿಲ್ಲ. ಈಗ ಗೊತ್ತು."

"ನನಗೆ ಅಂತ ನೀವು ಕೊಟ್ಟಿದ್ದು ಅದೊಂದೇ," ಎಂದೆ.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಬೋರ್ಡಿನ ಮೇಲೆ 'ಐದು' ಹೋಗಿ 'ನಾಲ್ಕು' ಬಂದಿತ್ತು. ಬಣ್ಣ ಇನ್ನೂ ಹಸಿ. ಸಾಲದ್ದಕ್ಕೆ ದೋಣಿ ಹತ್ತಿದ ಪ್ರತಿಯೊಬ್ಬರಿಗೂ ತಮ್ಮ ತಪ್ಪನ್ನು ತಾವೇ ಹೇಳಿಕೊಂಡರು. ಪಕ್ಕದ ದೋಣಿಯವರು ನಕ್ಕರು. ನಾನು ಎಂಟು ದಿನ ಮಾತು ಬಿಟ್ಟೆ. ರಂಪ ಮಾಡುವವಳು ಸುಮ್ಮನಾದರೆ ಮನೆ ಹೇಗಿರುತ್ತದೆಂದು ಅವರಿಗೂ ತಿಳಿಯಲಿ ಎಂದು.

ಒಂಬತ್ತನೆಯ ದಿನ ನಾನು ಜಾಕೆಟ್ಟಿನ ಪಟ್ಟಿ ಹೊಲಿಯುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತರು.

"ರಂಪಿ ಅನ್ನೋ ಬೇರೆ ಬಗೆ ಇಲ್ಲ, ಒಪ್ತೀನಿ. ಆದ್ರೆ ನಮ್ಮ ಮದುವೆ ವರ್ಷ ನಾನು ನೋಡಿದ ಆ ಮರಿಗಳು ಸುಳ್ಳಾ? ಅವು ಇಲ್ಲೇ ಎಲ್ಲೋ ಇರ್ತಾವೆ. ಚುಕ್ಕೆ ಬಂದಿರುತ್ತೆ, ಅಷ್ಟೆ. ಬಾ, ಹುಡುಕೋಣ."

ಅಂದಿನಿಂದ ವಾರಕ್ಕೊಮ್ಮೆ ನನ್ನನ್ನೂ ದೋಣಿ ಹತ್ತಿಸಿಕೊಂಡರು. ಚುಕ್ಕಿಗಳ ಹಿಂಡು ಬಂದಾಗ ಒಂದು ಘಳಿಗೆ ನೋಡಿ, ಬೆರಳು ಮಾಡಿ, "ಅಗೋ ರಂಪಿ," ಎನ್ನುತ್ತಿದ್ದರು.

"ಹೋದ ವಾರ ತೋರಿಸಿದ್ದು ಬೇರೆ."

"ಅದಕ್ಕೆ ಕೋಪ ಬಂದಿದೆಯಂತೆ. ಇದನ್ನ ಕಳಿಸಿದೆ."

ಹೀಗೆ ಒಂಬತ್ತು ವರ್ಷ. ಒಂದು ಸಲವೂ ಬೆರಳು ಅನುಮಾನಿಸಲಿಲ್ಲ. ಬರೀ ನಾಟಕ ಎಂದು ನನಗೆ ಗೊತ್ತಿತ್ತು, ಆದರೂ ಆ ದಿನಕ್ಕಾಗಿ ವಾರವಿಡೀ ಕಾಯುತ್ತಿದ್ದೆ. ಆ ಸುಖ ಬಳೆಯಲ್ಲೆಲ್ಲಿ ಬರಬೇಕು.

ಅವರು ಹೋಗಿ ಎರಡು ವರ್ಷ. ದೋಣಿ ಈಗ ಮಗಳದು. ಮೊನ್ನೆ, ಬೇಡ ಬೇಡ ಎಂದರೂ ಕೇಳದೆ ನನ್ನನ್ನು ಹತ್ತಿಸಿದಳು. ಎಂಜಿನ್ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಇಪ್ಪತ್ತು ಚುಕ್ಕಿಗಳು ಬಂದವು, ಎಲ್ಲವೂ ದೊಡ್ಡವು, ಎಲ್ಲವುಗಳ ಮೈಮೇಲೂ ಚುಕ್ಕೆ.

"ಅಮ್ಮ, ಇದ್ರಲ್ಲಿ ರಂಪಿ ಯಾವುದು?" ಎಂದಳು ಮಗಳು.

ಒಂದೊಂದನ್ನೂ ನೋಡಿದೆ. ಕೈ ಏಳಲಿಲ್ಲ.

"ಗೊತ್ತಿಲ್ಲಮ್ಮ," ಎಂದೆ. "ನಿಮ್ಮಪ್ಪನೇ ಹೇಳಬೇಕಿತ್ತು."