ಟೊಂಗೆಗೆ ತೂಗಿದ ಚೀಲಗಳು

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ನಾನು ಇವತ್ತಿಗೂ ಮೊದಲು ನೋಡುವುದು ಕೊಡುವವರ ಕಣ್ಣನ್ನು. ಕೈ ಏನು ಕೊಡುತ್ತಿದೆ ಎನ್ನುವುದಕ್ಕಿಂತ ಕಣ್ಣು ಎತ್ತ ನೋಡುತ್ತಿದೆ ಎನ್ನುವುದು ಮುಖ್ಯ. ಮಠದ ಊಟದ ಪಂಕ್ತಿಯಲ್ಲಿ ಕೂತರೂ ನನ್ನ ಚಾಳಿ ಇದೇ. ಮೊಮ್ಮಕ್ಕಳು ನಗುತ್ತಾರೆ. ನಗಲಿ. ಅವ್ವನಿಂದ ನನಗೆ ಬಂದ ಆಸ್ತಿ ಇದೊಂದೇ, ಇದನ್ನು ಬಿಟ್ಟುಕೊಡುವವಳು ನಾನಲ್ಲ.

ನಮ್ಮಪ್ಪ ಬೈಲಹೊಂಗಲದಲ್ಲಿ ಪತ್ತಾರ. ಪತ್ತಾರನ ಮೇಲೆ ಊರಿಗೆಲ್ಲ ಅನುಮಾನ. ಬಂಗಾರ ಕೊಟ್ಟವರು ಅಂಗಡಿಯ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಕಾಯಿಸಿ, ಬಡಿದು, ಬೆಸೆದು ಮುಗಿಸುವ ತನಕ ಅಪ್ಪನ ಬೆರಳುಗಳನ್ನೇ ನೋಡುತ್ತ ಕೂತಿರುತ್ತಿದ್ದರು. ಅಪ್ಪನಿಗೆ ಅದರ ಪರಿವೆಯೇ ಇರಲಿಲ್ಲ. ಅವರಿಗೇ ಎಲೆ ಅಡಿಕೆ ಕೊಟ್ಟು ಮಾತಾಡಿಸುತ್ತಿದ್ದ. ಮೈ ಉರಿಯುತ್ತಿದ್ದುದು ಅವ್ವನಿಗೆ. ಊರು ತನ್ನ ಗಂಡನನ್ನು ಅನುಮಾನಿಸಿದ್ದಕ್ಕೆ ಅವಳು ಬಡ್ಡಿ ಸೇರಿಸಿ ಇಡೀ ಊರನ್ನೇ ಅನುಮಾನಿಸುತ್ತಿದ್ದಳು. ಹಾಲಿನವಳು ನಕ್ಕರೆ ಇವತ್ತು ನೀರು ಜಾಸ್ತಿ ಎನ್ನುವಳು. ನಗದಿದ್ದರೆ ನಿನ್ನೆಯೇ ಬೆರೆಸಿರಬೇಕು ಎನ್ನುವಳು.

ನಾನು ಸಣ್ಣವಳಿದ್ದಾಗ ನಮ್ಮ ಓಣಿಯಲ್ಲಿ ಇಲಿ ಬಿದ್ದವು. ಆ ಕಾಲದಲ್ಲಿ ಇಲಿ ಬಿದ್ದವು ಎಂದರೆ ಬೇರೆ ವಿವರ ಬೇಕಿರಲಿಲ್ಲ. ಪ್ಲೇಗು ಬಂತೆಂದು ಜನ ಮನೆಗೆ ಬೀಗ ಜಡಿದು ಹೊಲಗಳಿಗೆ ಹೊರಟರು. ಹೊಲ ಇದ್ದವರಿಗೆ ಅದು ಸರಿ, ನಮಗೆ ಅಂಗಡಿಯ ಕಟ್ಟೆ ಬಿಟ್ಟರೆ ಅಂಗೈಯಗಲ ನೆಲ ಇರಲಿಲ್ಲ. ಅವ್ವನ ತವರು ಸವದತ್ತಿ. ಅಲ್ಲಿಯೂ ಬೇನೆ ಹೊಕ್ಕಿದೆ ಎಂದು ಸುದ್ದಿ ಬಂತು. ರಾಮದುರ್ಗದಲ್ಲಿದ್ದ ಸೋದರತ್ತೆಯ ಗಂಡ, ಸಂಸ್ಥಾನದೊಳಗೆ ಹೊರಗಿನವರನ್ನು ಬಿಡುತ್ತಿಲ್ಲ, ಬರಬೇಡಿ ಎಂದು ಹೇಳಿಕಳಿಸಿದ. ಬಿಡುತ್ತಿಲ್ಲವೋ, ಇವನೇ ಒಲ್ಲೆ ಅಂದನೋ, ಯಾರಿಗೆ ಗೊತ್ತು. ಅವ್ವನಿಗಂತೂ ಗೊತ್ತಿತ್ತು.

ಅಷ್ಟರಲ್ಲಿ ಅಪ್ಪ ಒಂದು ಸುದ್ದಿ ತಂದ. ಕಿತ್ತೂರಿನ ಕಡೆ, ದೇಗಾಂವಿಯ ಆಚೆ, ಒಬ್ಬ ಗೌಡಸಾನಿ ತನ್ನ ತೋಟದಲ್ಲಿ ಗುಡಿಸಲು ಹಾಕಿಸಿದ್ದಾಳೆ. ಊರು ಬಿಟ್ಟು ಬಂದವರು ಯಾರೇ ಆಗಲಿ ಇರಬಹುದು. ದಿನಕ್ಕಿಷ್ಟು ಜೋಳವನ್ನೂ ಕೊಡುತ್ತಾಳೆ. ಒಂದು ಪೈಸೆ ಮುಟ್ಟುವುದಿಲ್ಲ.

"ಪುಕ್ಕಟೆ?" ಎಂದಳು ಅವ್ವ.

"ಪುಕ್ಕಟೆ."

"ಹಂಗಾದ್ರ ಆಕಿಗೆ ಏನ ಬೇಕಾಗೇತಿ?"

"ಏನೂ ಬೇಕಾಗಿಲ್ಲ. ಧರ್ಮಕ್ಕ ಕೊಡಾಕತ್ಯಾಳ. ನಿನ್ನ ಅನುಮಾನಕ್ಕ ಮದ್ದಿಲ್ಲ ನೋಡ," ಎಂದು ಅಪ್ಪ ಗಂಟು ಕಟ್ಟಿದ. ಬೇರೆ ದಾರಿ ಇರಲಿಲ್ಲ. ಅಪ್ಪ, ಅವ್ವ, ನಾನು, ಇನ್ನೂ ಮಾತು ತೊದಲುತ್ತಿದ್ದ ನನ್ನ ತಮ್ಮ, ಒಂದು ಬೀಸುಕಲ್ಲು, ಒಂದು ಬಾಡಿಗೆ ಚಕ್ಕಡಿ.

ತೋಟದ ನಡುವೆ ದೊಡ್ಡದೊಂದು ಹುಣಸೆ ಮರ. ಅದರ ಸುತ್ತ ಜೋಳದ ಕಣಿಕೆ ಹೊದಿಸಿದ ಹತ್ತಾರು ಗುಡಿಸಲು. ಒಂದು ಪಕ್ಕಕ್ಕೆ ಅರ್ಧ ತೋಡಿದ ಬಾವಿ, ಅದರ ಆಚೆ ಬರಿಯ ಹೊಲದಲ್ಲಿ ಎರಡೇ ಎರಡು ಗುಡಿಸಲು. ಗೌಡಸಾನಿ ಮರದ ಕೆಳಗೆ ನಿಂತಿದ್ದಳು. ಎತ್ತರದ ಹೆಂಗಸು, ಬರಿ ಹಣೆ, ಕೈಯಲ್ಲೊಂದು ಬಡಿಗೆ. ಬರ್ರಿ ಎಂದಳೇ ಹೊರತು ಮುಖದ ಮೇಲೆ ನಗೆಯ ಸುಳಿವಿರಲಿಲ್ಲ. ನಮ್ಮನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಅಡಿಯಿಂದ ಮುಡಿಯ ತನಕ ನೋಡಿದಳು. ನೋಡಿದ ಮೇಲೆ ಆಳಿಗೆ ಸನ್ನೆ ಮಾಡಿದಳು. ಅವನು ಟೊಂಗೆಗೆ ಒಂದೊಂದು ಹಗ್ಗ ಕಟ್ಟಿ, ಒಂದೊಂದು ಬಟ್ಟೆಯ ಚೀಲ ಇಳಿಬಿಟ್ಟ. ಪ್ರತಿ ಚೀಲವೂ ಅದರವರ ತಲೆಗಿಂತ ಮೇಲೆ, ಎರಡೂ ಕೈ ಪೂರ್ತಿ ಎತ್ತಿದರಷ್ಟೇ ಎಟಕುವಂತೆ.

"ಇಲಿ ಕಾಟ ಐತಿ," ಎಂದಳು ಗೌಡಸಾನಿ. "ಕಾಳು ನೆಲದ ಮ್ಯಾಲ ಇಡಂಗಿಲ್ಲ. ಮುಂಜಾನೆ ಬಂದು ಯಾರ ಚೀಲ ಅವರ ಇಳಿಸ್ಕೋಬೇಕು. ಒಬ್ಬರದು ಇನ್ನೊಬ್ಬರು ಮುಟ್ಟಂಗಿಲ್ಲ. ಎರಡೂ ಕೈಲೆ ಇಳಿಸ್ಕೋಬೇಕು, ಅನ್ನ ಅದು."

ಅಪ್ಪ ಕೈ ಮುಗಿದ. ಅವ್ವ ಗುಡಿಸಲಿಗೆ ಬಂದು ಗಂಟು ಬಿಚ್ಚುವ ಮೊದಲೇ ಶುರು ಮಾಡಿದಳು. "ಇಲಿಗೆ ಅಂಜಿ ಕಟ್ಟಿದ್ರ ಮನಿಗೊಂದ ಚೀಲ ಸಾಕಿತ್ತಲ್ಲ. ಹಾಲು ಬಿಟ್ಟ ಕೂಸಿಗೂ ಬ್ಯಾರೆ ಚೀಲ ಯಾಕ? ನಮ್ಮ ಎತ್ತರ ಯಾಕ ಅಳದ್ಲು ಆಕಿ?"

ಅಪ್ಪ ಬೀಸುಕಲ್ಲನ್ನು ಮೂಲೆಗೆ ಉರುಳಿಸುತ್ತಿದ್ದ. ಅವನು ಏನು ಹೇಳಿದ್ದರೂ ಅವ್ವ ಒಪ್ಪುತ್ತಿರಲಿಲ್ಲ ಬಿಡಿ.

ಇನ್ನೂ ಒಂದಿತ್ತು. ಗುಡಿಸಲುಗಳಿಂದ ಮರದ ಕಡೆ ಹೋಗುವ ದಾರಿಗೆ ಅಡ್ಡವಾಗಿ ಒಂದು ಬೇವಿನ ದಿಮ್ಮಿ ಬಿದ್ದಿತ್ತು. ಎರಡೂ ಬದಿಗೆ ಮುಳ್ಳಿನ ಬೇಲಿ. ದಿನಾ ಎಲ್ಲರೂ ಕಾಲನ್ನು ಎತ್ತರಕ್ಕೆ ಎತ್ತಿ ಅದನ್ನು ದಾಟಿಯೇ ಚೀಲಕ್ಕೆ ಹೋಗಬೇಕು. ಎತ್ತು ಇವೆ, ಆಳಿದ್ದಾರೆ, ಅದನ್ನು ಸರಿಸಲು ಎಷ್ಟು ಹೊತ್ತು? ಅಪ್ಪ ಭೋಳೇಶಂಕರ, ಒಂದು ದಿನ ತಾನೇ ಸರಿಸಿಕೊಡುತ್ತೇನೆ ಎಂದು ಹೋದ. ಗೌಡಸಾನಿ ಬಡಿಗೆಯನ್ನು ದಿಮ್ಮಿಯ ಮೇಲೆ ಕುಟ್ಟಿ, "ಅದು ಅಲ್ಲೇ ಇರ್ಲಿ," ಎಂದಳು. ಅಷ್ಟೇ. ಅಪ್ಪ ನಗುತ್ತ ತಿರುಗಿ ಬಂದ. ಅವ್ವ ನಗಲಿಲ್ಲ.

ತಮ್ಮನ ಚೀಲ ಮಾತ್ರ ಅವನಿಗೆ ಎಟಕದಷ್ಟು ಮೇಲಿತ್ತು. ಅವನನ್ನು ಗೌಡಸಾನಿಯೇ ಎತ್ತುತ್ತಿದ್ದಳು. ಕಂಕುಳಲ್ಲಿ ಎರಡೂ ಕೈ ಹಾಕಿ, ಮೆಲ್ಲಗೆ ಒತ್ತಿ ಹಿಡಿದು, ಮೇಲಕ್ಕೆ. ಕಚಗುಳಿಯಾಗಿ ಅವನು ಕಿಲಕಿಲ ನಗುವನು. ನಾನು ತುದಿಗಾಲ ಮೇಲೆ ನಿಂತು ನನ್ನದನ್ನು ನಾನೇ ಇಳಿಸಿಕೊಳ್ಳುತ್ತಿದ್ದೆ. ತಮ್ಮನನ್ನು ಅವ್ವ ಎತ್ತಲು ಹೋದರೆ ಗೌಡಸಾನಿ ಬಿಡುತ್ತಿರಲಿಲ್ಲ. ಹೆತ್ತ ತಾಯಿ ಪಕ್ಕದಲ್ಲಿ ನಿಂತಿರುವಾಗ ಮಗುವನ್ನು ಪರರು ಯಾಕೆ ಎತ್ತಬೇಕು? ಮಕ್ಕಳುಮರಿ ಯಾರೂ ಕಾಣದ ಒಂಟಿ ಹೆಂಗಸು, ಅರ್ಧಕ್ಕೆ ನಿಂತ ಬಾವಿ, ದಿನಾ ಮಗುವನ್ನು ಎತ್ತಿ ತೂಕ ನೋಡುವ ಕೈ. ಅವ್ವ ಇದನ್ನೆಲ್ಲ ಒಂದಕ್ಕೊಂದು ಕೂಡಿಸಿ, ನೀರು ಬೀಳದ ಬಾವಿಗೆ ಈ ಮುದುಕಿ ಮಗುವನ್ನು ಬಲಿ ಕೊಡಲು ನೋಡುತ್ತಿದ್ದಾಳೆ ಎಂದು ತೀರ್ಮಾನಿಸಿದಳು. ಆಮೇಲೆ ತಮ್ಮನ ಸೊಂಟಕ್ಕೆ ಒಂದು ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ತನ್ನ ಸೆರಗಿಗೆ ಕಟ್ಟಿಕೊಂಡೇ ಬೀಸಲು ಕೂರುತ್ತಿದ್ದಳು. ನನಗೂ ಹೆದರಿಕೆ ಹತ್ತಿತು. ಬಾವಿಯ ಕಡೆ ತಲೆ ಹಾಕಿ ಸಹ ಮಲಗುತ್ತಿರಲಿಲ್ಲ.

ಆಗಲೇ ಗಾಣಿಗರ ಮುದುಕನ ವಿಷಯ ನಡೆದದ್ದು. ಪಕ್ಕದ ಗುಡಿಸಲಿನವನು, ಅಪ್ಪನ ಜೊತೆ ದಿನವಿಡೀ ಹರಟುತ್ತಿದ್ದ. ಒಂದು ಮುಂಜಾನೆ, ಹೆಗಲು ಉಳುಕಿದೆ ಎಂದ. ಸೊಸೆ ಅವನ ಚೀಲಕ್ಕೆ ಕೈ ಹಾಕಿದಳು. ಗೌಡಸಾನಿಯ ಬಡಿಗೆ ಅಡ್ಡ ಬಂತು. "ಅವರ ಇಳಿಸ್ಲಿ." ಮುದುಕ ಕೈ ಎತ್ತಿದ, ಕಿವಿಯ ತನಕ ಬಂದು ಕೈ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಅವನನ್ನು ಬಾವಿಯಾಚೆಯ ಗುಡಿಸಲಿಗೆ ಒಯ್ದರು. ಆಮೇಲೆ ಅವನನ್ನು ನಾವು ಕಾಣಲಿಲ್ಲ. ಸ್ವಲ್ಪ ದಿನಕ್ಕೆ ಬಾವಿಯಲ್ಲಿ ನೀರು ಬಿತ್ತು.

"ಕಂಡ್ರ್ಯಾ?" ಎಂದಳು ಅವ್ವ. ಅವತ್ತು ಅಪ್ಪನ ಮುಖವೂ ಬಿಳಿಚಿತು.

ಬೇರೆ ಯಾರಾದರೂ ಆಗಿದ್ದರೆ ಗಂಟು ಕಟ್ಟಿ ಓಡುತ್ತಿದ್ದರು. ಅವ್ವನ ಅನುಮಾನ ಓಡಿಹೋಗುವ ಜಾತಿಯದಲ್ಲ, ಕೂತು ನೋಡುವ ಜಾತಿಯದು. ದಿನಾ ಮುಂಜಾನೆ ತನ್ನ ಚೀಲ ಇಳಿಸಿಕೊಂಡ ಮೇಲೂ ಮರದ ಕೆಳಗೇ ನಿಂತು ಗೌಡಸಾನಿಯ ಕಣ್ಣು ಎತ್ತ ಹೋಗುತ್ತದೆಂದು ನೋಡತೊಡಗಿದಳು. ಬೆರಳಿಗೆ ಹುಣ್ಣಾಗಿದ್ದ ಹೆಂಗಸೊಬ್ಬಳು ನರಳುತ್ತಲೇ ಕೈ ಎತ್ತಿದಳು, ಗೌಡಸಾನಿ ಸುಮ್ಮನಿದ್ದಳು. ಗಟ್ಟಿಮುಟ್ಟಾದ ಒಬ್ಬ ಹುಡುಗ ದಿಮ್ಮಿ ದಾಟುವಾಗ ತೊಡೆ ಹಿಡಿದುಕೊಂಡು ಹಲ್ಲು ಕಚ್ಚಿದ. ಅವನು ಚೀಲದ ತನಕ ಬರಲೇ ಇಲ್ಲ, ಅಲ್ಲಿಂದಲೇ ಬಾವಿಯಾಚೆ ಹೋದ.

ಆ ದಿನ ಅವ್ವ ಗುಡಿಸಲಿಗೆ ಬಂದವಳೇ ತಮ್ಮನ ಸೊಂಟದ ಹಗ್ಗ ಬಿಚ್ಚಿದಳು.

"ತಿಳೀತು," ಎಂದಳು ಅಪ್ಪನಿಗೆ. "ಪಿಲೇಗಿನ ಗಂಟು ಎಲ್ಲೇಳತೈತಿ? ಬಗಲಾಗ, ಇಲ್ಲಾ ತೊಡಿಸಂದ್ಯಾಗ. ಬಗಲಾಗ ಗಂಟು ಇದ್ದವ ಕೈ ಎತ್ತಂಗಿಲ್ಲ. ತೊಡಿಸಂದ್ಯಾಗ ಇದ್ದವ ದಿಮ್ಮಿ ದಾಟಂಗಿಲ್ಲ. ನೀವು ಬಂಗಾರ ಒರಿಗೆ ಹಚ್ಚಿದಂಗ ಆಕಿ ದಿನಾ ನಮ್ಮನ್ನ ಒರಿಗೆ ಹಚ್ಚಾಕತ್ಯಾಳ. ಇಲಿ ಅಲ್ಲ, ಗಿಲಿ ಅಲ್ಲ."

ಆಮೇಲೆ ಅವಳು ತೋಟದ ಆಳನ್ನು ಕೆದಕಿ ಕೆದಕಿ ಕೇಳಿದಳು. ಹಿಂದಿನ ಸಲ ಬೇನೆ ಬಂದಾಗ ಗೌಡಸಾನಿ ಬಂದವರನ್ನೆಲ್ಲ ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದಳಂತೆ. ಯಾರೋ ಬಗಲಿನ ಗಂಟನ್ನು ಮುಚ್ಚಿಟ್ಟರು. ಗಂಡ, ಮಗ, ಸೊಸೆ, ಮೊಮ್ಮಗು, ಯಾರೂ ಉಳಿಯಲಿಲ್ಲ. ಕೇಳಿದರೆ ಜನ ಈಗಲೂ ಮುಚ್ಚಿಡುತ್ತಾರೆ, ಅದಕ್ಕೇ ಅವಳು ಕೇಳುವುದಿಲ್ಲ, ನೋಡುತ್ತಾಳೆ ಎಂದ ಆಳು.

ಅವ್ವ ಸಮಾಧಾನದಿಂದ ಉಸಿರುಬಿಟ್ಟದ್ದನ್ನು ನಾನು ಅಲ್ಲಿ ಮೊದಲ ಸಲ ಕಂಡೆ. ಕಾರಣವಿಲ್ಲದ ಧರ್ಮ ಅವಳಿಗೆ ಜೀರ್ಣವಾಗುತ್ತಿರಲಿಲ್ಲ. ಆದರೆ ಈ ಹೆಂಗಸಿಗೂ ನಮ್ಮ ಮೇಲೆ ಅನುಮಾನವಿದೆ, ಅದಕ್ಕೆ ಕಾರಣವೂ ಇದೆ ಎಂದು ತಿಳಿದ ಮೇಲೆ ಅವಳ ಹೊಟ್ಟೆ ತಣ್ಣಗಾಯಿತು. ಅವಳಿಗೂ ಗೌಡಸಾನಿಗೂ ಮಾತು ಬೆಳೆಯಲಿಲ್ಲ. ಬೆಳಿಗ್ಗೆ ಇಬ್ಬರೂ ಮರದ ಎರಡು ಬದಿಗೆ ನಿಂತು, ಚೀಲ ಇಳಿಸುವವರನ್ನು ಒಟ್ಟಿಗೆ ನೋಡುತ್ತಿದ್ದರು, ಅಷ್ಟೇ.

ಹೀಗೆ ಕೆಲವು ವಾರ ಕಳೆದವು. ಊರಿನಲ್ಲಿ ಬೇನೆ ಇಳಿಯುತ್ತಿದೆ, ಯುಗಾದಿಗೆ ಮನೆ ಸೇರಬಹುದು ಎಂದು ಅಪ್ಪ ಹೇಳತೊಡಗಿದ್ದ. ಒಂದು ನಸುಕಿನಲ್ಲಿ ಬೀಸುಕಲ್ಲಿನ ಸದ್ದು ನಡುವೆಯೇ ನಿಂತಿತು. ಕಣ್ಣು ಬಿಟ್ಟು ನೋಡಿದರೆ ಅವ್ವ ಬಲಗೈಯಿಂದ ಎಡ ತೋಳನ್ನು ಹಿಡಿದುಕೊಂಡು ಕೂತಿದ್ದಳು. ಅಪ್ಪ ಅವಳೆದುರು ಕುಕ್ಕರುಗಾಲಿನಲ್ಲಿದ್ದ.

"ಯಾರಿಗೂ ಹೇಳಬ್ಯಾಡ," ಎನ್ನುತ್ತಿದ್ದ ಅಪ್ಪ. ಜನ್ಮದಲ್ಲಿ ಒಂದು ಗುಂಜಿ ಬಂಗಾರವನ್ನೂ ಮುಚ್ಚಿಡದ ಮನುಷ್ಯ. "ಆಕಿ ಅತ್ತಾಗ ತಿರುಗಿದಾಗ ನಿನ್ನ ಚೀಲ ನಾ ಇಳಿಸ್ತೇನಿ."

"ಆಕಿ ತಿರುಗಂಗಿಲ್ಲ. ನಾನಾಗಿದ್ರೂ ತಿರುಗತಿದ್ದಿಲ್ಲ."

"ಬಾವಿ ಆಚಿಗೆ ಹ್ವಾದವ್ರು ಯಾರರ ಹೊಳ್ಳಿ ಬಂದಾರೇನು?"

ಅವ್ವ ನಮ್ಮಿಬ್ಬರ ಕಡೆ ನೋಡಿದಳು. ನಾನು ಎದ್ದಿದ್ದೇನೆಂದು ಅವಳಿಗೆ ಗೊತ್ತಾಯಿತು. "ನಾ ಇಲ್ಲೇ ಉಳದ್ರ ಇವು ಎರಡೂ ನನ್ನ ಹಿಂದ ಬರತಾವು," ಎಂದು ಎದ್ದು ನಿಂತಳು. ತಮ್ಮ ಅಳುತ್ತ ಕೈ ಚಾಚಿದ. ಅವಳು ಅವನನ್ನು ಮುಟ್ಟಲಿಲ್ಲ.

ಬೆಳಕಾದಾಗ ಅವ್ವ ಎಲ್ಲರಿಗಿಂತ ಮುಂದೆ ಹೋಗಿ ದಿಮ್ಮಿಯ ಈಚೆಗೇ ನಿಂತಳು.

"ಗೌಡಸಾನ್ಯಾರ, ಇವತ್ತು ನೀವು ನೋಡೂ ಕೆಲಸ ಇಲ್ಲ. ನಾನ ಹೇಳತೇನಿ. ನನ್ನ ಎಡಗೈ ಏಳವಲ್ದು."

ಗೌಡಸಾನಿ ಬಡಿಗೆಯನ್ನು ದಿಮ್ಮಿಗೆ ಒರಗಿಸಿಟ್ಟಳು. "ಇಷ್ಟ ಮಂದಿ ಬಂದ್ರು," ಎಂದಳು. "ಬಾಯಿಬಿಟ್ಟು ಹೇಳಿದಾಕಿ ನೀ ಒಬ್ಬಾಕಿ ನೋಡ ತಂಗಿ."

ಅವ್ವನಿಗೆ ಹೊಗಳಿಕೆಯ ಮೇಲೂ ನಂಬಿಕೆ ಇರಲಿಲ್ಲ. "ಅದಿರ್ಲಿ. ನನ್ನ ಮಗನ್ನ ಎತ್ತೂಮುಂದ ಅವನ ಮಾರಿ ಆ ಗುಡಸಲ ಕಡೆ ಮಾಡಿ ಎತ್ರಿ. ನಾ ಬಾಗಲದಾಗ ಕುಂತು ದಿನಾ ನೋಡತೇನಿ. ಒಂದಿನ ತಪ್ಪಿದ್ರೂ ನನಗ ಗೊತ್ತಾಗತೈತಿ ಮತ್ತ."

ಗೌಡಸಾನಿ ತಲೆಯಾಡಿಸಿದಳು. ಅವ್ವ ಬಾವಿಯ ದಂಡೆ ಹಿಡಿದು ತಾನೇ ನಡೆದು ಹೋದಳು.

ಮರುದಿನದಿಂದ ಗೌಡಸಾನಿ ತಮ್ಮನನ್ನು ಮೊದಲಿಗಿಂತ ಎತ್ತರಕ್ಕೆ ಎತ್ತುತ್ತಿದ್ದಳು. ಬಾವಿಯಾಚೆಗೆ ಮುಖ ಮಾಡಿಸಿ, ಅವನು ಎರಡೂ ಕೈ ಮೇಲೆ ಮಾಡುವ ತನಕ ಹಾಗೇ ಹಿಡಿದಿರುತ್ತಿದ್ದಳು. ದೂರದ ಬಾಗಿಲಲ್ಲಿ ಅವ್ವನ ಸೀರೆಯ ಬಣ್ಣ ಮಾತ್ರ ಕಾಣುತ್ತಿತ್ತು. ನನ್ನ ಸರದಿ ಬಂದಾಗ ನಾನೂ ಬೇಕೆಂದೇ ಕೈಗಳನ್ನು ಪೂರ್ತಿ ಚಾಚಿ ನಿಲ್ಲುತ್ತಿದ್ದೆ. ಅವ್ವ ಎಣಿಸಿದಂತೆ ನೋಡುತ್ತಿರುತ್ತಾಳೆ, ಮೊಣಕೈ ಮಡಿಸಿದರೆ ಸಾಕು ಎದ್ದು ಬಂದಾಳು ಎಂದು ನನಗೆ ಗೊತ್ತಿತ್ತು. ಅವಳ ಚೀಲವನ್ನು ಗೌಡಸಾನಿಯೇ ಎರಡೂ ಕೈಯಲ್ಲಿ ಇಳಿಸಿ, ಗಂಜಿ ಕಾಯಿಸಿ, ತಾನೇ ಒಯ್ಯುತ್ತಿದ್ದಳು. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ಆಮೇಲೊಂದು ಮುಂಜಾನೆ ನಾವು ದಿಮ್ಮಿ ದಾಟಿ ಮರದ ಕೆಳಗೆ ಹೋದೆವು. ಗೌಡಸಾನಿ ಎಂದಿನಂತೆ ತಮ್ಮನ ಕಂಕುಳಲ್ಲಿ ಕೈ ಹಾಕಿದಳು, ಎಂದಿನಂತೆ ಅವನ ಮುಖವನ್ನು ಗುಡಿಸಲ ಕಡೆ ತಿರುಗಿಸಿದಳು, ಎಂದಿನಂತೆ ಎತ್ತರಕ್ಕೆ ಎತ್ತಿದಳು. ಅವನು ಕೈ ಮೇಲೆ ಮಾಡಿ ಕಿಲಕಿಲ ನಕ್ಕ. ನನ್ನ ಕಣ್ಣು ಗೌಡಸಾನಿಯ ಮುಖದ ಮೇಲೆ ಹೋಯಿತು. ಅವಳು ಗುಡಿಸಲ ಕಡೆ ನೋಡುತ್ತಿರಲಿಲ್ಲ. ತಲೆ ಎತ್ತಿ ಟೊಂಗೆಯ ಕಡೆ ನೋಡಿದೆ. ಯಾವಾಗಲೂ ಎಲ್ಲಕ್ಕಿಂತ ಮೊದಲು ಇಳಿಯುತ್ತಿದ್ದ ಅವ್ವನ ಚೀಲ ತುಂಬಿದ್ದು ತುಂಬಿದಂತೆಯೇ ತೂಗುತ್ತಿತ್ತು.

ನಾನು ತುದಿಗಾಲ ಮೇಲೆ ನಿಂತು, ಎರಡೂ ಕೈ ಪೂರ್ತಿ ಎತ್ತಿ, ನನ್ನ ಚೀಲ ಇಳಿಸಿಕೊಂಡೆ.